ದೊಡ್ಡ ಕಂಬದ ಬೋರ್ಡ್ ಮಾಡಿಸುವ ಮುಂಚೆ: ಜಾಗ, ಅಕ್ಷರ, ಗಾಳಿ, ಅನುಮತಿ ಎಲ್ಲದರ ಸಮಗ್ರ ಮಾರ್ಗದರ್ಶಿ

ಹೆದ್ದಾರಿ ಬದಿಯ ಹೋಟೆಲ್, ಊರಾಚೆಯ ಕಲ್ಯಾಣ ಮಂಟಪ, ಟೈಲ್ಸ್ ಶೋರೂಮ್, ನರ್ಸಿಂಗ್ ಹೋಮ್. ಇವಕ್ಕೆಲ್ಲ ಕಟ್ಟಡದ ಹಣೆಗೆ ಹಾಕಿದ ಬೋರ್ಡ್ ಸಾಲುವುದಿಲ್ಲ. ಗಾಡಿಯಲ್ಲಿ ಬರುವವರಿಗೆ ಅದು ಕಾಣುವುದು ಸರಿಯಾಗಿ ಎದುರಿಗೆ ಬಂದಾಗ. ಅಷ್ಟರಲ್ಲಿ ಗಾಡಿ ಮುಂದೆ ಹೋಗಿರುತ್ತದೆ. ಅದಕ್ಕೇ ನೆಲದಿಂದಲೇ ಎದ್ದು ನಿಂತ, ಬರುವವರ ಕಡೆ ಮುಖ ಮಾಡಿದ ದೊಡ್ಡ ಬೋರ್ಡ್ ಬೇಕಾಗುತ್ತದೆ.

ಇಂಥ ಬೋರ್ಡ್ ಮಾಡಿಸಲು ಹೊರಟವರು ಸೀದಾ ಬೋರ್ಡ್ ಮಾಡುವವರ ಹತ್ತಿರ ಹೋಗುತ್ತಾರೆ. ಮೊದಲ ಪ್ರಶ್ನೆಯೇ ‘ಚದರಡಿಗೆ ಎಷ್ಟಾಗುತ್ತೆ?’. ಆ ಪ್ರಶ್ನೆ ಕೊನೆಗೆ ಬರಬೇಕು. ಮೊದಲು ಹೋಗಬೇಕಾದ್ದು ರಸ್ತೆಗೆ. ನಿಮ್ಮ ಬೋರ್ಡನ್ನು ಯಾರು, ಎಲ್ಲಿಂದ, ಎಷ್ಟು ಸ್ಪೀಡಿನಲ್ಲಿ ಓದುತ್ತಾರೆ ಅನ್ನುವುದು ಗೊತ್ತಾದರೆ ಅಳತೆ, ಎತ್ತರ, ಬಣ್ಣ, ಖರ್ಚು ಎಲ್ಲವೂ ಅದರ ಹಿಂದೆಯೇ ಬರುತ್ತವೆ.

ಹಂತ 1: ರಸ್ತೆಯಲ್ಲಿ ನಿಂತು ನೋಡಿ

ಎರಡೂ ದಿಕ್ಕಿನಿಂದ ನಿಮ್ಮ ಅಂಗಡಿಗೆ ಗಾಡಿ ಓಡಿಸಿಕೊಂಡು ಬನ್ನಿ. ಪಕ್ಕದಲ್ಲಿ ಒಬ್ಬರು ಕೂತು ಫೋನಿನಲ್ಲಿ ವಿಡಿಯೊ ಮಾಡಲಿ. ಹಗಲು ಒಮ್ಮೆ, ರಾತ್ರಿ ಒಮ್ಮೆ. ಆಮೇಲೆ ಆ ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡಿ. ಮರ, ಕರೆಂಟ್ ಕಂಬ, ಸ್ಕೈವಾಕ್, ಪಕ್ಕದವರ ಬೋರ್ಡ್, ನಿಂತ ಲಾರಿಗಳು, ಇವುಗಳಲ್ಲಿ ಯಾವುದು ಅಡ್ಡ ಬರುತ್ತದೆ ಅಂತ ಗುರುತು ಹಾಕಿಕೊಳ್ಳಿ. ಲಾರಿ ನಿಲ್ಲುವ ಜಾಗವಾದರೆ ಬೋರ್ಡಿನ ಕೆಳ ಅಂಚು ಲಾರಿಗಿಂತ ಮೇಲಿರಬೇಕು.

ಈಗ ಮುಖ್ಯ ವಿಷಯ. ಗಾಡಿಯವನು ‘ಇಲ್ಲಿ ನಿಲ್ಲಿಸೋಣ’ ಅಂತ ತೀರ್ಮಾನ ಮಾಡಲೇಬೇಕಾದ ಕೊನೆಯ ಜಾಗ ಯಾವುದು? ಬಹಳ ಸಲ ಅದು ನಿಮ್ಮ ಗೇಟಿನ ಮುಂದೆ ಇರುವುದಿಲ್ಲ. ಬೆಂಗಳೂರಿನಿಂದ ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗದ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಅನ್ನೇ ತೆಗೆದುಕೊಳ್ಳಿ. ಎಷ್ಟೋ ಹೋಟೆಲ್‌ಗಳು ಸರ್ವಿಸ್ ರಸ್ತೆಯ ಮೇಲಿವೆ. ಮುಖ್ಯ ರಸ್ತೆಯಿಂದ ಸರ್ವಿಸ್ ರಸ್ತೆಗೆ ಇಳಿಯುವ ಬಾಯಿ ಹೋಟೆಲ್‌ಗಿಂತ ಎಷ್ಟೋ ಹಿಂದೆಯೇ ಬಂದು ಹೋಗುತ್ತದೆ. ಅದು ದಾಟಿದ ಮೇಲೆ ನಿಮ್ಮ ಬೋರ್ಡ್ ಎಷ್ಟು ಚೆನ್ನಾಗಿ ಕಂಡರೂ ಆ ಗಿರಾಕಿ ಬರಲು ಆಗುವುದಿಲ್ಲ.

ಲೆಕ್ಕ ಹೀಗೆ. ಗಂಟೆಗೆ 80 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 22 ಮೀಟರ್. ಬೋರ್ಡ್ ನೋಡಿ, ಓದಿ, ಪಕ್ಕದವರನ್ನು ‘ಕಾಫಿ ಕುಡಿಯೋಣ್ವಾ?’ ಅಂತ ಕೇಳಿ, ಕನ್ನಡಿ ನೋಡಿ, ಇಂಡಿಕೇಟರ್ ಹಾಕಲು 5ರಿಂದ 6 ಸೆಕೆಂಡ್ ಬೇಕು. ಅಷ್ಟರಲ್ಲಿ ಗಾಡಿ 110ರಿಂದ 130 ಮೀಟರ್ ಮುಂದೆ ಬಂದಿರುತ್ತದೆ. ಆಮೇಲೆ ಜೋರಾಗಿ ಬ್ರೇಕ್ ಒತ್ತದೆ, ನಿಧಾನವಾಗಿ 30ರ ವೇಗಕ್ಕೆ ಇಳಿಯಲು ಇನ್ನೊಂದು 100 ಮೀಟರ್ ಚಿಲ್ಲರೆ. ಒಟ್ಟು ಸುಮಾರು 230 ಮೀಟರ್. ಅಂದರೆ ಸರ್ವಿಸ್ ರಸ್ತೆಯ ಬಾಯಿಗಿಂತ 230 ಮೀಟರ್ ಹಿಂದೆ ಇರುವವನಿಗೆ ನಿಮ್ಮ ಹೆಸರು ಓದಲು ಸಿಗಬೇಕು. ನಿಮ್ಮ ಬೋರ್ಡ್ ಆ ಬಾಯಿಗಿಂತ 150 ಮೀಟರ್ ಮುಂದೆ ಇದ್ದರೆ ಓದುವ ದೂರ 380 ಮೀಟರ್ ಆಯಿತು. ಅದಕ್ಕೇ ಬೋರ್ಡನ್ನು ಗೇಟಿನ ಪಕ್ಕವೇ ನಿಲ್ಲಿಸಬೇಕು ಅನ್ನುವ ಹಟ ಬೇಡ. ನಿಮ್ಮ ಜಮೀನಿನಲ್ಲಿ ಗಾಡಿ ಬರುವ ಕಡೆಯ ತುದಿ ಯಾವುದೋ ಅಲ್ಲಿ ನಿಲ್ಲಿಸಿ.

ಬೋರ್ಡ್‌ನಿಂದ ಪ್ರಯೋಜನವೇ ಆಗದ ಜಾಗಗಳೂ ಇವೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಎರಡೂ ಕಡೆ ಬೇಲಿ ಇದೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರನ್ನು ಅದು ಹೊರಗಿನಿಂದಲೇ ದಾಟಿಕೊಂಡು ಹೋಗುತ್ತದೆ. ಹಳೇ ರಸ್ತೆಯ ಹೋಟೆಲ್‌ನವರು ಮುಖ್ಯ ಪಥಕ್ಕೆ ಕಾಣುವ ಹಾಗೆ ಎಷ್ಟು ಎತ್ತರದ ಬೋರ್ಡ್ ಹಾಕಿದರೂ, ಹೊರಬರುವ ದಾರಿ ಕಿಲೋಮೀಟರ್‌ಗಟ್ಟಲೆ ಹಿಂದೆ ಉಳಿದಿದ್ದರೆ ಓದಿದವನು ಬರುವುದು ಹೇಗೆ? ಇಂಥ ಕಡೆ ಎತ್ತರದ ಕಂಬಕ್ಕೆ ಸುರಿಯುವ ದುಡ್ಡನ್ನು ಮ್ಯಾಪ್‌ನಲ್ಲಿ ಸರಿಯಾದ ಜಾಗ, ಫೋಟೊ, ಸಮಯ ಹಾಕಿಸಲು ಮತ್ತು ಸರ್ವಿಸ್ ರಸ್ತೆಯವರಿಗೆ ಕಾಣುವ ಸಾಧಾರಣ ಬೋರ್ಡಿಗೆ ಬಳಸುವುದು ಎಷ್ಟೋ ವಾಸಿ.

ಹಂತ 2: ಯಾವ ಥರದ ಬೋರ್ಡ್

ತಾನಾಗಿ ನಿಲ್ಲುವ ಬೋರ್ಡ್‌ಗಳಲ್ಲಿ ನಮ್ಮಲ್ಲಿ ಜಾಸ್ತಿ ಕಾಣುವುದು ನಾಲ್ಕು ಥರ.

ಯೂನಿಪೋಲ್ ಅಂದರೆ ಒಂದೇ ದಪ್ಪ ಕಂಬ, ತಲೆಯ ಮೇಲೆ ಅಗಲವಾದ ಪೆಟ್ಟಿಗೆ. ದೂರಕ್ಕೆ ಕಾಣುತ್ತದೆ, ನೆಲದಲ್ಲಿ ಜಾಗ ಕಡಿಮೆ ಸಾಕು. ಆದರೆ ಗಾಳಿಯ ಭಾರವೆಲ್ಲ ಒಂದೇ ಕಂಬದ ಬುಡಕ್ಕೆ ಬರುತ್ತದೆ. ಪಾಯದ ಖರ್ಚು ಜಾಸ್ತಿ.

ಎರಡು ಕಾಲಿನ ಬೋರ್ಡ್‌ನಲ್ಲಿ ಆ ಭಾರ ಎರಡು ಕಡೆ ಹಂಚಿಕೊಳ್ಳುತ್ತದೆ. ಹೆದ್ದಾರಿ ಬದಿ ಸ್ವಂತ ಜಾಗ ಧಾರಾಳವಾಗಿದ್ದರೆ ನಾನು ಇದನ್ನೇ ಮಾಡಿಸಿ ಅನ್ನುತ್ತೇನೆ. ನೋಡಲು ಅಷ್ಟು ಠೀವಿ ಇರದಿರಬಹುದು, ಆದರೆ ಸಾಧಾರಣ ವರ್ಕ್‌ಶಾಪಿನವರೂ ಸರಿಯಾಗಿ ಮಾಡಬಲ್ಲ ಕೆಲಸ ಇದು.

ಟೋಟೆಮ್ ಅಂದರೆ ನೆಲದಿಂದ ತುದಿಯವರೆಗೆ ಪೂರ್ತಿ ಹೊದಿಕೆ ಇರುವ ನೀಳವಾದ ಬೋರ್ಡ್. ಪೆಟ್ರೋಲ್ ಬಂಕ್‌ಗಳಲ್ಲಿ ದರ ತೋರಿಸುವುದು ಇದರಲ್ಲೇ. ಆಸ್ಪತ್ರೆ, ಹಲವು ಅಂಗಡಿಗಳಿರುವ ಕಾಂಪ್ಲೆಕ್ಸ್‌ಗೆ ಚೆನ್ನ. ಒಂದು ತೊಂದರೆ ಇದೆ. ಕನ್ನಡದ ಹೆಸರು ಅಡ್ಡಕ್ಕೆ ಬೆಳೆಯುತ್ತದೆ, ಟೋಟೆಮ್ ಉದ್ದಕ್ಕೆ ಬೆಳೆಯುತ್ತದೆ. ಹೆಸರು ಉದ್ದವಿದ್ದರೆ ಅಕ್ಷರ ಕಿರಿದಾಗುತ್ತದೆ. ಅದನ್ನು ತಪ್ಪಿಸಲು ಒಂದರ ಕೆಳಗೆ ಒಂದು ಅಕ್ಷರ ಜೋಡಿಸುತ್ತಾರೆ. ಹಾಗೆ ಜೋಡಿಸಿದ ಕನ್ನಡವನ್ನು ಓಡುವ ಗಾಡಿಯಿಂದ ಓದುವುದು ಕಷ್ಟ. ಮಾಡಬೇಡಿ.

ನಾಲ್ಕನೆಯದು ಆಳೆತ್ತರವೂ ಇಲ್ಲದ, ಕಲ್ಲಿನ ಅಥವಾ ಕಾಂಕ್ರೀಟಿನ ತಗ್ಗು ಗೋಡೆ. ಶಾಲೆ, ರೆಸಾರ್ಟ್, ಲೇಔಟ್‌ಗಳ ಬಾಗಿಲಲ್ಲಿ ಇರುತ್ತದಲ್ಲ, ಅದು. ನಿಧಾನವಾಗಿ ಬರುವವರಿಗೆ ಇದಕ್ಕಿಂತ ಚೆಂದದ್ದಿಲ್ಲ. ಚಿಕ್ಕಮಗಳೂರು, ಸಕಲೇಶಪುರದ ಕಡೆ ಹೋಂಸ್ಟೇ ಇಟ್ಟವರಿಗೆ ಇಷ್ಟೇ ಸಾಕು. ಆದರೆ ಗೇಟಿನಿಂದ ಹೊರಬರುವ ಗಾಡಿಯವನಿಗೆ ರಸ್ತೆ ಮರೆಯಾಗದ ಹಾಗೆ ಹಿಂದಕ್ಕೆ ಸರಿಸಿ ಕಟ್ಟಿಸಿ.

ಹೆದ್ದಾರಿಯಲ್ಲಾದರೆ ಬೋರ್ಡಿಗೆ ಎರಡು ಮುಖ ಬೇಕು. ಅಥವಾ ಮೇಲಿಂದ ನೋಡಿದರೆ ‘ವಿ’ ಆಕಾರದಲ್ಲಿ ಕಾಣುವ ಹಾಗೆ ಎರಡು ಹಲಗೆ. ಎದುರಿನ ಪಥದವರು ಅಂಡರ್‌ಪಾಸ್‌ನಲ್ಲಿ ತಿರುಗಿ ಬರಲು ಸಾಧ್ಯವೇ ಇಲ್ಲದ ಜಾಗವಾದರೆ ಎರಡನೇ ಮುಖದ ಖರ್ಚು ಸುಮ್ನೆ ದಂಡ.

ಹಂತ 3: ಅಕ್ಷರ

ಬೋರ್ಡ್ ದೊಡ್ಡದಿದ್ದ ಮಾತ್ರಕ್ಕೆ ಓದಲು ಸಿಗುವುದಿಲ್ಲ. ಓದಿಸುವುದು ಅಕ್ಷರ. ಬೋರ್ಡ್ ಮಾಡುವವರು ಬಳಸುವ ಲೆಕ್ಕ ಇದು: 1 ಇಂಚು ಎತ್ತರದ ಅಕ್ಷರ 10 ಅಡಿಯಿಂದ ಆರಾಮಾಗಿ ಓದಲು ಸಿಗುತ್ತದೆ, ಕಷ್ಟಪಟ್ಟರೆ 30 ಅಡಿವರೆಗೂ ಸಿಗುತ್ತದೆ. ಹೆದ್ದಾರಿಗೆ 1 ಇಂಚಿಗೆ 25ರಿಂದ 30 ಅಡಿ ಅಂತ ಹಿಡಿಯಿರಿ. 230 ಮೀಟರ್ ಅಂದರೆ ಸುಮಾರು 750 ಅಡಿ. ಅಕ್ಷರ 25ರಿಂದ 30 ಇಂಚು ಬೇಕು, ಅಂದರೆ 65ರಿಂದ 75 ಸೆಂಟಿಮೀಟರ್. 380 ಮೀಟರ್ ದೂರಕ್ಕಾದರೆ 1 ಮೀಟರ್ ದಾಟಿ ಹೋಗುತ್ತದೆ. ಜಾಗ ಬದಲಾದರೆ ಬೋರ್ಡಿನ ಅಳತೆ, ಅದರ ಜೊತೆ ಕಬ್ಬಿಣ, ಪಾಯ ಎಲ್ಲ ಬದಲಾಗುತ್ತದೆ. ಹಂತ 1ಕ್ಕೆ ಅಷ್ಟು ಒತ್ತು ಕೊಟ್ಟಿದ್ದು ಇದಕ್ಕೇ.

ಆದರೆ ಈ ಲೆಕ್ಕ ಹುಟ್ಟಿದ್ದು ಇಂಗ್ಲಿಷ್ ದೊಡ್ಡಕ್ಷರಗಳಿಗೆ. ಅವು ಒಂದೇ ಸಾಲಿನಲ್ಲಿ, ಒಂದೇ ಎತ್ತರದಲ್ಲಿ ನಿಲ್ಲುತ್ತವೆ. ಕನ್ನಡ ಹಾಗಲ್ಲ. ‘ಅನ್ನಪೂರ್ಣ’ ಅಂತ ಬರೆಯಿರಿ. ನಕಾರದ ಕೆಳಗೆ ಒತ್ತು ಇಳಿಯುತ್ತದೆ, ಕೊನೆಯಲ್ಲಿ ಅರ್ಕಾವೊತ್ತು ಬರುತ್ತದೆ. ‘ಲಕ್ಷ್ಮಿ’ ಬರೆದರೆ ಮೇಲೆ ಗುಡಿಸು, ಕೆಳಗೆ ಎರಡು ಒತ್ತು. ‘70 ಸೆಂಟಿಮೀಟರ್ ಅಕ್ಷರ’ ಅಂದಾಗ ಬೋರ್ಡ್ ಮಾಡುವವರು ಗುಡಿಸಿನ ತುದಿಯಿಂದ ಒತ್ತಿನ ತಳದವರೆಗೆ ಅಳೆದರೆ, ಮೂಲ ಅಕ್ಷರಕ್ಕೆ ಉಳಿಯುವುದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಹಾಗಾಗಿ ಆರ್ಡರ್ ಕೊಡುವಾಗ ಬರೆದೇ ಕೊಡಿ: ‘ಒತ್ತು, ಗುಡಿಸು ಬಿಟ್ಟು, ಬರೀ ಮೂಲ ಅಕ್ಷರದ ಎತ್ತರ 70 ಸೆಂಟಿಮೀಟರ್’. ಒತ್ತುಗಳು ಕೆಳಗಿನ ಸಾಲಿಗೆ ತಾಗದ ಹಾಗೆ ಜಾಗ ಬಿಡಿಸಿ. ಹೆಸರನ್ನೇ ಇನ್ನೂ ಇಟ್ಟಿಲ್ಲ ಅನ್ನುವವರಿಗೆ ಒಂದು ಮಾತು: ಒತ್ತಿಲ್ಲದ ನಾಲ್ಕಕ್ಷರದ ಹೆಸರು ದೂರದಿಂದ ಬಹಳ ಬೇಗ ಓದಲು ಸಿಗುತ್ತದೆ.

ಇನ್ನೊಂದು ವಿಷಯ ರಾತ್ರಿಯದ್ದು. ನಮ್ಮ ಅಕ್ಷರಗಳು ಗುಂಡಗೆ, ಒಳಗೆ ಸಣ್ಣ ಸಣ್ಣ ಖಾಲಿ ಜಾಗ. ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ, ಇವುಗಳ ನಡುವಿನ ವ್ಯತ್ಯಾಸ ಹೊಟ್ಟೆ ಸೀಳುವ ಒಂದು ಗೆರೆ ಮಾತ್ರ. ಪ, ಫ, ಷ ಕೂಡ ಹಾಗೇ, ಒಂದು ಪುಟ್ಟ ಗೆರೆಯ ಮೇಲೆ ನಿಂತಿವೆ. ತುಂಬಾ ದಪ್ಪ ಫಾಂಟ್ ಹಾಕಿ ಹಿಂದಿನಿಂದ ಜೋರು ಬೆಳಕು ಬಿಟ್ಟರೆ ಬೆಳಕು ಹರಡಿ ಆ ಸೀಳು ಮುಚ್ಚಿಹೋಗುತ್ತದೆ. ಬೆಳಗುವ ಅಕ್ಷರಕ್ಕೆ ಮಧ್ಯಮ ದಪ್ಪ ಸಾಕು. ನೋಟೊ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡದಂಥ ಫಾಂಟ್‌ಗಳಲ್ಲಿ ದಪ್ಪದ ಬೇರೆ ಬೇರೆ ಮಟ್ಟಗಳಿವೆ. ಎರಡು ಮೂರು ಮಟ್ಟದಲ್ಲಿ ನಿಮ್ಮ ಹೆಸರು ಬರೆಸಿ ನೋಡಿ. ಬಾಲೂ ತಮ್ಮ ನೋಡಲು ಮುದ್ದಾಗಿದೆ, ಬೇಕರಿ, ಮಕ್ಕಳ ಅಂಗಡಿಗೆ ಒಪ್ಪುತ್ತದೆ. ಆದರೆ ಬೆಳಗುವ ಬೋರ್ಡಿಗೆ ಅದರ ಅತಿ ದಪ್ಪದ ರೂಪ ಬೇಡ.

ಡಿಸೈನ್ ಫೈಲ್ ಬಂದಾಗ ಕನ್ನಡ ಬಲ್ಲವರು ಅಕ್ಷರ ಅಕ್ಷರ ನೋಡಬೇಕು. ಹಳೆಯ ಡಿಸೈನ್ ಸಾಫ್ಟ್‌ವೇರ್‌ಗಳಿಗೆ ಯೂನಿಕೋಡ್ ಕನ್ನಡ ಸರಿಯಾಗಿ ಜೋಡಿಸಲು ಬರುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ನೀವು ಕಳಿಸಿದ ಹೆಸರನ್ನು ಅಲ್ಲಿ ಅಂಟಿಸಿದರೆ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ನಿಲ್ಲುತ್ತದೆ, ಅರ್ಕಾವೊತ್ತು ಜಾಗ ತಪ್ಪುತ್ತದೆ. ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿ ಮತ್ತೆ ಟೈಪ್ ಮಾಡಿಸಿದರೆ ಈ ತೊಂದರೆ ಹೋಗುತ್ತದೆ, ಆದರೆ ಟೈಪ್ ಮಾಡುವಾಗ ಕಾಗುಣಿತ ತಪ್ಪಬಹುದು. ಲೋಹದಲ್ಲಿ ಕತ್ತರಿಸಿದ ಮೇಲೆ ತಿದ್ದಲು ಆಗುವುದಿಲ್ಲ. ಒಪ್ಪಿಗೆಯ ಪ್ರಿಂಟಿನ ಮೇಲೆ ನೀವು ಸಹಿ ಹಾಕುವ ತನಕ ಕಟಿಂಗ್ ಶುರು ಮಾಡಬಾರದು ಅಂತ ಹೇಳಿ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. 230 ಮೀಟರ್‌ನಿಂದ 70 ಸೆಂಟಿಮೀಟರ್ ಅಕ್ಷರ ಹೇಗೆ ಕಾಣುತ್ತದೋ, 23 ಮೀಟರ್‌ನಿಂದ 7 ಸೆಂಟಿಮೀಟರ್ ಅಕ್ಷರವೂ ಹಾಗೇ ಕಾಣುತ್ತದೆ. ಡಿಸೈನನ್ನು ಹತ್ತನೇ ಒಂದರಷ್ಟು ಅಳತೆಯಲ್ಲಿ ಬಣ್ಣದ ಪ್ರಿಂಟ್ ತೆಗೆಸಿ, ಗೋಡೆಗೆ ಅಂಟಿಸಿ, 23 ಮೀಟರ್ ಹಿಂದೆ ಹೋಗಿ ನಿಲ್ಲಿ. ಹೆಸರು ಗೊತ್ತಿಲ್ಲದವರನ್ನು ಕರೆದು 3 ಸೆಕೆಂಡ್ ತೋರಿಸಿ, ಏನು ಓದಿದಿರಿ ಅಂತ ಕೇಳಿ. ವಯಸ್ಸಾದವರೊಬ್ಬರು ಇರಲಿ. ಇಷ್ಟು ಅಗ್ಗದಲ್ಲಿ ಇಷ್ಟು ಉಪಯೋಗದ ಕೆಲಸ ಈ ಇಡೀ ಪಟ್ಟಿಯಲ್ಲಿ ಇನ್ನೊಂದಿಲ್ಲ.

ಎಷ್ಟು ಪದ ಬರೆಸಬೇಕು? ಹೆಸರು, ಏನು ಸಿಗುತ್ತದೆ, ಯಾವ ಕಡೆ ತಿರುಗಬೇಕು. ಅಷ್ಟೇ. ಹೋಟೆಲ್ ಆದರೆ ‘ಊಟ–ತಿಂಡಿ, ಪಾರ್ಕಿಂಗ್, ಶೌಚಾಲಯ’, ಜೊತೆಗೆ ಬಾಣದ ಗುರುತು. ಮಾಲೀಕರ ಫೋಟೊ, ಫೋನ್ ನಂಬರ್, ಕ್ಯೂಆರ್ ಕೋಡ್, ಸ್ಥಾಪನೆಯ ವರ್ಷ ಇವನ್ನೆಲ್ಲ 80ರ ವೇಗದಲ್ಲಿ ಬರುವವನು ಓದುವುದಿಲ್ಲ. ಅವೆಲ್ಲ ಬಾಗಿಲ ಹತ್ತಿರದ ಬೋರ್ಡಿಗೆ ಇರಲಿ.

ಬಣ್ಣದಲ್ಲಿ ನೋಡಬೇಕಾದ್ದು ಅಕ್ಷರಕ್ಕೂ ಹಿನ್ನೆಲೆಗೂ ಇರುವ ಅಂತರ. ಕಡು ಹಸಿರು ಅಥವಾ ಕಡು ನೀಲಿಯ ಮೇಲೆ ಬಿಳಿ, ಹಳದಿಯ ಮೇಲೆ ಕಪ್ಪು ಚೆನ್ನಾಗಿ ಕಾಣುತ್ತವೆ. ಕಪ್ಪಿನ ಮೇಲೆ ಕೆಂಪು ರಾತ್ರಿ ಮುಳುಗಿಹೋಗುತ್ತದೆ. ಈಗ ಬಟ್ಟೆ ಅಂಗಡಿ, ಒಡವೆ ಅಂಗಡಿಗಳಲ್ಲಿ ಕನ್ನಡಿಯಂತೆ ಹೊಳೆಯುವ ಚಿನ್ನದ ಬಣ್ಣದ ಸ್ಟೀಲ್ ಅಕ್ಷರ ಜಾಸ್ತಿ ನಡೆಯುತ್ತಿದೆ. ಹತ್ತಿರದಿಂದ ಚೆಂದವೇ. ಹೊರಗೆ ಕಂಬದ ಮೇಲೆ ಮಾತ್ರ ಅದು ಆಕಾಶವನ್ನೂ ಎದುರಿನ ಕಟ್ಟಡವನ್ನೂ ಪ್ರತಿಫಲಿಸುತ್ತದೆ, ಅಕ್ಷರದ ಅಂಚೇ ತಿಳಿಯುವುದಿಲ್ಲ. ಹೊಳಪಿಲ್ಲದ ಮ್ಯಾಟ್ ಫಿನಿಶ್ ಕೇಳಿ.

ಹಂತ 4: ಗಾಳಿ ಮತ್ತು ಪಾಯ

2024ರ ಮೇ 13ರಂದು ಮುಂಬೈನ ಘಾಟ್ಕೋಪರ್‌ನಲ್ಲಿ ಗಾಳಿಮಳೆಗೆ ದೈತ್ಯ ಜಾಹೀರಾತು ಫಲಕವೊಂದು ಪೆಟ್ರೋಲ್ ಬಂಕ್ ಮೇಲೆ ಬಿದ್ದು 17 ಜನ ಸತ್ತರು. ಅದು ಸುಮಾರು 120 ಅಡಿಗೆ 120 ಅಡಿ ಇತ್ತು. ಅಲ್ಲಿನ ಪಾಲಿಕೆ ಒಪ್ಪುತ್ತಿದ್ದ ಗರಿಷ್ಠ ಅಳತೆ 40ಕ್ಕೆ 40. ಅದರ ಹಿಂದಿನ ವರ್ಷ ಏಪ್ರಿಲ್‌ನಲ್ಲಿ ಪುಣೆ ಹತ್ತಿರದ ಪಿಂಪ್ರಿ–ಚಿಂಚವಾಡದಲ್ಲಿ, ಮಳೆ ಬಂತೆಂದು ಫಲಕದ ಕೆಳಗೆ ನಿಂತವರ ಮೇಲೆ ಅದೇ ಕುಸಿದು 5 ಜನ ಸತ್ತರು. ನಿಮ್ಮ ಬೋರ್ಡ್ ಅಷ್ಟು ದೊಡ್ಡದಿರುವುದಿಲ್ಲ ನಿಜ. ಆದರೆ ಕೆಳಗೆ ನಿಲ್ಲುವುದು ನಿಮ್ಮ ಗಿರಾಕಿಗಳು, ನಿಮ್ಮ ಕೆಲಸದವರು. ಈ ಹಂತದಲ್ಲಿ ಒಂದು ರೂಪಾಯಿಯನ್ನೂ ಉಳಿಸಲು ನೋಡಬೇಡಿ.

ಗಾಳಿ ಎಷ್ಟು ತಳ್ಳುತ್ತದೆ ಅಂತ ಒಮ್ಮೆ ನೀವೇ ಲೆಕ್ಕ ಹಾಕಿ ನೋಡಿ. ಗಾಳಿಯ ಭಾರಕ್ಕೆ ನಮ್ಮ ದೇಶದ ಮಾನದಂಡ ಐಎಸ್ 875, ಭಾಗ 3. ಅದರಲ್ಲಿ ಬೆಂಗಳೂರಿಗೆ ಮೂಲ ಗಾಳಿಯ ವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್. ವೇಗವನ್ನು ಅದರಿಂದಲೇ ಗುಣಿಸಿ, 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಎಷ್ಟು ನ್ಯೂಟನ್ ಒತ್ತಡ ಅಂತ ಬರುತ್ತದೆ. ಬೆಂಗಳೂರಿಗೆ 653, ಅಂದರೆ ಚದರ ಮೀಟರಿಗೆ ಸುಮಾರು 67 ಕಿಲೋ. ಮಂಗಳೂರಿಗೆ 913, ಸುಮಾರು 93 ಕಿಲೋ. ವೇಗ ಐದನೇ ಒಂದರಷ್ಟೂ ಜಾಸ್ತಿ ಇಲ್ಲ, ಒತ್ತಡ ಮಾತ್ರ 40 ಶೇಕಡಾ ಜಾಸ್ತಿ. 4 ಮೀಟರ್ ಅಗಲ, 3 ಮೀಟರ್ ಎತ್ತರದ ಬೋರ್ಡ್ ಅಂದರೆ 12 ಚದರ ಮೀಟರ್. ಬೆಂಗಳೂರಿನಲ್ಲಿ ಸುಮಾರು 800 ಕಿಲೋ, ಮಂಗಳೂರಿನಲ್ಲಿ 1,100 ಕಿಲೋಗೂ ಜಾಸ್ತಿ ಒತ್ತಡ ಅಡ್ಡಕ್ಕೆ ತಳ್ಳುತ್ತದೆ. ಅದೂ 7 ಮೀಟರ್ ಎತ್ತರದಲ್ಲಿ. ಉದ್ದ ಸನ್ನೆಗೋಲಿನ ತುದಿ ಹಿಡಿದು ಎಳೆದ ಹಾಗೆ ಅದು ಬುಡವನ್ನು ಕೀಳಲು ನೋಡುತ್ತದೆ. ಬೋರ್ಡಿನ ಆಕಾರ, ಎತ್ತರ, ಸುತ್ತಲಿನ ಬಯಲು ಇವುಗಳ ಲೆಕ್ಕ ಸೇರಿದರೆ ಸಂಖ್ಯೆ ಇನ್ನೂ ಏರಬಹುದು. ಬೋರ್ಡಿಗೆ ಅಲ್ಲಲ್ಲಿ ಸಣ್ಣ ತೂತು ಕೊರೆದರೆ ಗಾಳಿ ಪಾಸಾಗುತ್ತದೆ ಅನ್ನುತ್ತಾರೆ. ಆ ಮಾತು ನಂಬಿ ಕಂಬ ಸಣ್ಣದು ಮಾಡಬೇಡಿ.

ಈ ಲೆಕ್ಕ ನಿಮಗೆ ಅಂದಾಜು ಸಿಗಲಿ ಅಂತ ಮಾತ್ರ. ನಿಜವಾದ ಡಿಸೈನ್ ಸ್ಟ್ರಕ್ಚರಲ್ ಎಂಜಿನಿಯರ್ ಮಾಡಬೇಕು. ಸಹಿ ಇರುವ ಡ್ರಾಯಿಂಗ್ ಮತ್ತು ಸ್ಥಿರತೆಯ ಪ್ರಮಾಣಪತ್ರ ಎರಡೂ ಕೈಗೆ ಬರಬೇಕು. ‘ಹಿಂದೆ ಬೇಕಾದಷ್ಟು ಹಾಕಿದೀವಿ, ಏನೂ ಆಗಿಲ್ಲ’ ಅನ್ನುವ ಮಾತು ಡ್ರಾಯಿಂಗ್ ಆಗುವುದಿಲ್ಲ.

ಪಾಯ ಎಷ್ಟು ಆಳ ಅನ್ನುವುದನ್ನು ಮಣ್ಣು ಹೇಳುತ್ತದೆ. ಕೋಲಾರ, ತುಮಕೂರಿನ ಗಟ್ಟಿ ಕೆಮ್ಮಣ್ಣಿಗೆ ಹಾಕಿದ ಡ್ರಾಯಿಂಗನ್ನೇ ಗದಗ, ವಿಜಯಪುರ, ಕಲಬುರಗಿಗೆ ತೆಗೆದುಕೊಂಡು ಹೋಗಬೇಡಿ. ಅಲ್ಲಿನ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಮೇಲ್ಮೇಲೆ ಹಾಕಿದ ಪಾಯ ವರ್ಷ ವರ್ಷ ಸ್ವಲ್ಪ ಸ್ವಲ್ಪ ವಾಲುತ್ತದೆ. ಹಾಗಾಗಿ ಉಬ್ಬಿ ಕುಗ್ಗುವ ಪದರ ದಾಟಿ ಕೆಳಗೆ ಹೋಗಬೇಕು, ಇಲ್ಲವೇ ತಳದಲ್ಲಿ ಗೆಡ್ಡೆಯಂತೆ ಉಬ್ಬಿಸಿದ ಅಂಡರ್‌ರೀಮ್ಡ್ ಪೈಲ್ ಹಾಕಬೇಕು. ಹೊಸದಾಗಿ ಮಣ್ಣು ತುಂಬಿಸಿ ಮಟ್ಟ ಮಾಡಿದ ಸೈಟ್ ಆದರೆ ತುಂಬಿದ ಮಣ್ಣಿನ ಕೆಳಗಿನ ಮೂಲ ನೆಲ ಸಿಗುವ ತನಕ ಅಗೆಸಿ.

ಕಾಂಕ್ರೀಟ್ ಹಾಕುವ ದಿನ ನೀವೇ ನಿಂತು ನೋಡಿ. ಕಂಬವನ್ನು ಪಾಯಕ್ಕೆ ಹಿಡಿದಿಡುವ ಆಂಕರ್ ಬೋಲ್ಟ್‌ಗಳನ್ನು ಅಚ್ಚಿನ ತಟ್ಟೆಗೆ ಬಿಗಿದು ಕೂರಿಸಿರಬೇಕು. ಹಾಗೇ ಚುಚ್ಚಿದ ಬೋಲ್ಟ್ ವಾಲುತ್ತದೆ. ಆಮೇಲೆ ಕಂಬದ ಬುಡದ ತಟ್ಟೆ, ಅಂದರೆ ಬೇಸ್ ಪ್ಲೇಟಿನ ತೂತು ಹೊಂದಲಿಲ್ಲ ಅಂತ ಗ್ಯಾಸ್ ಕಟರ್‌ನಲ್ಲಿ ತೂತು ದೊಡ್ಡದು ಮಾಡುತ್ತಾರೆ. ಅದಕ್ಕೆ ಒಪ್ಪಬೇಡಿ. ಕಾಂಕ್ರೀಟಿಗೆ ಪೂರ್ತಿ ಬಲ ಬರುವುದು 28 ದಿನಕ್ಕೆ. ಮೂರನೇ ದಿನಕ್ಕೆ ಕ್ರೇನ್ ತರುತ್ತೇವೆ ಅಂದರೆ ಬೇಡ ಅನ್ನಿ. ಎಂಜಿನಿಯರ್ ಒಪ್ಪಿದ ದಿನವೇ ಎತ್ತಿ. ಗೃಹಪ್ರವೇಶ, ಉದ್ಘಾಟನೆಯ ಮುಹೂರ್ತಕ್ಕೆ ಹೊಂದಿಸಲು ಇದನ್ನು ಅವಸರ ಮಾಡುವುದು ಬಹಳ ಕಡೆ ನಡೆಯುತ್ತದೆ. ಪಾಯವನ್ನೇ ಒಂದು ತಿಂಗಳು ಮೊದಲು ಶುರು ಮಾಡಿದರೆ ಈ ಒತ್ತಡವೇ ಇರುವುದಿಲ್ಲ.

ಜಾಗದ ವಿಷಯದಲ್ಲಿ ಇನ್ನೆರಡು ಮಾತು. ಕಂಬದ ಕೆಳಗೆ ಬೆಂಚು, ಟೀ ಕೌಂಟರ್, ಬೈಕ್ ಪಾರ್ಕಿಂಗ್ ಮಾಡಬೇಡಿ. ಕರೆಂಟ್ ತಂತಿಯಿಂದ ದೂರ ಇರಲಿ. ಕಟ್ಟಡಕ್ಕೂ 11 ಕೆವಿ ತಂತಿಗೂ ಅಡ್ಡಕ್ಕೆ 1.2 ಮೀಟರ್, ಮೇಲಕ್ಕೆ 3.7 ಮೀಟರ್ ಕನಿಷ್ಠ ಅಂತರ ಇರಬೇಕು ಅನ್ನುತ್ತದೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ. ಅದು ಕನಿಷ್ಠ. ಕ್ರೇನಿನ ತೋಳು ತಿರುಗಲು, ಮುಂದೆ ರಿಪೇರಿಗೆ ಏಣಿ ಹಾಕಲು ಅದಕ್ಕಿಂತ ಎಷ್ಟೋ ಜಾಸ್ತಿ ಬೇಕು. ಎತ್ತುವ ದಿನ ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ ಯಾವುದು ನಿಮ್ಮ ಕಡೆಯದೋ ಅವರಿಗೆ ಬರೆದು ಕೊಟ್ಟು ಲೈನ್ ಆಫ್ ಮಾಡಿಸಿ.

ಹಂತ 5: ಅನುಮತಿ ಮತ್ತು ಕನ್ನಡದ ನಿಯಮ

ಬೋರ್ಡ್ ನಿಮ್ಮ ಸ್ವಂತ ಜಾಗದಲ್ಲೇ ಇದ್ದರೂ ಸ್ಥಳೀಯ ಸಂಸ್ಥೆಯ ಅನುಮತಿ ಕೇಳಿಯೇ ಮುಂದೆ ಹೋಗಿ. ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ, ಪಟ್ಟಣದಲ್ಲಿ ಪುರಸಭೆ ಅಥವಾ ನಗರಸಭೆ, ದೊಡ್ಡ ಊರಲ್ಲಿ ಮಹಾನಗರ ಪಾಲಿಕೆ. ಬೆಂಗಳೂರಿನಲ್ಲಿ 2025ರಿಂದ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ 5 ನಗರ ಪಾಲಿಕೆಗಳಾಗಿವೆ. ನಿಮ್ಮ ಜಾಗ ಯಾವುದಕ್ಕೆ ಸೇರುತ್ತದೆ ಅಂತ ಮೊದಲು ತಿಳಿದುಕೊಳ್ಳಿ. ಸ್ವಂತ ಹೆಸರಿನ ಬೋರ್ಡಿಗೂ ಬೇರೆಯವರ ಜಾಹೀರಾತಿಗೂ ನಿಯಮ, ಶುಲ್ಕ ಬೇರೆ ಬೇರೆ ಇರುತ್ತದೆ. ಕೂಲ್‌ಡ್ರಿಂಕ್ಸ್, ಪೇಂಟ್, ಸಿಮೆಂಟ್ ಕಂಪನಿಯವರು ‘ಬೋರ್ಡ್ ನಾವೇ ಹಾಕಿಸಿಕೊಡುತ್ತೇವೆ’ ಅಂತ ಬರುತ್ತಾರೆ. ಅರ್ಧ ಜಾಗ ಅವರ ಲೋಗೊ, ನಿಮ್ಮ ಹೆಸರು ಮೂಲೆಯಲ್ಲಿ. ಸಣ್ಣ ಅಂಗಡಿಯ ಹಣೆಗೆ ಅದು ನಡೆಯುತ್ತದೆ. ದೊಡ್ಡ ಕಂಬದ ಬೋರ್ಡ್‌ನಲ್ಲಿ ಅದಕ್ಕೆ ಒಪ್ಪಬೇಡಿ. ಹೆಸರು ಓದಲು ಸಿಗದಷ್ಟು ಸಣ್ಣದಾಗುತ್ತದೆ, ಬೋರ್ಡನ್ನೇ ಜಾಹೀರಾತು ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವ ಸಾಧ್ಯತೆಯೂ ಇದೆ.

ರಾಷ್ಟ್ರೀಯ ಹೆದ್ದಾರಿಯ ಜಾಗ ಡಾಂಬರಿನ ಅಂಚಿಗೆ ಮುಗಿಯುವುದಿಲ್ಲ. ಅದರ ಆಚೆಯೂ ಹೆದ್ದಾರಿಗೆ ಸೇರಿದ ನೆಲ ಇರುತ್ತದೆ. 2002ರ ರಾಷ್ಟ್ರೀಯ ಹೆದ್ದಾರಿ ನಿಯಂತ್ರಣ ಕಾಯ್ದೆಯ ಪ್ರಕಾರ ಅಲ್ಲಿ ಅನುಮತಿ ಇಲ್ಲದೆ ನಿಲ್ಲಿಸಿದ್ದನ್ನು ತೆಗೆಸುತ್ತಾರೆ, ಖರ್ಚನ್ನೂ ನಿಮ್ಮಿಂದ ವಸೂಲಿ ಮಾಡಬಹುದು. ಊರಾಚೆ ತೆರೆದ ಜಾಗದಲ್ಲಿ ಕಟ್ಟಡ ರೇಖೆಯನ್ನು, ಅಂದರೆ ಅದಕ್ಕಿಂತ ರಸ್ತೆ ಕಡೆ ಕಟ್ಟಡ ಬರಬಾರದ ಗೆರೆಯನ್ನು, ಸಾಮಾನ್ಯವಾಗಿ ರಸ್ತೆಯ ಮಧ್ಯದಿಂದ 40 ಮೀಟರ್‌ಗೆ ಹಿಡಿಯುತ್ತಾರೆ. ನಿಮ್ಮ ಜಾಗದ ಸರ್ವೆ ನಕ್ಷೆ ತೆಗೆಸಿ, ಗಡಿಕಲ್ಲು ನೋಡಿ, ಆಮೇಲೆ ಗುಂಡಿಗೆ ಗುರುತು ಹಾಕಿ. ವಿಮಾನ ನಿಲ್ದಾಣದ ಹತ್ತಿರವಾದರೆ ಎತ್ತರದ ಮಿತಿಯನ್ನೂ ವಿಚಾರಿಸಿ. ಬೋರ್ಡಿಗೆ ಅಡ್ಡ ಅಂತ ರಸ್ತೆ ಬದಿಯ ಮರ ಕಡಿಸಲು ಹೋಗಬೇಡಿ. 1976ರ ಮರಗಳ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಇಲ್ಲದೆ ಕಡಿಸುವುದು ಅಪರಾಧ. ಬೋರ್ಡ್ ಸರಿಸಿ, ಮರ ಇರಲಿ. ಆ ನೆರಳಿಗೇ ಎಷ್ಟೋ ಗಾಡಿಗಳು ನಿಲ್ಲುತ್ತವೆ.

ಕನ್ನಡದ ನಿಯಮ ಎಲ್ಲ ಕಡೆಗೂ ಒಂದೇ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿಯಂತೆ ನಾಮಫಲಕದಲ್ಲಿ 60 ಶೇಕಡಾ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಡಿಸೈನ್ ಮಾಡುವಾಗಲೇ ಇದನ್ನು ಇಟ್ಟುಕೊಂಡು ಶುರು ಮಾಡಿ. ಇಂಗ್ಲಿಷ್‌ನಲ್ಲಿ ಪೂರ್ತಿ ಡಿಸೈನ್ ಮುಗಿಸಿ, ಕೊನೆಗೆ ಕನ್ನಡವನ್ನು ಮೇಲೆ ತುರುಕಿದ ಬೋರ್ಡ್‌ಗಳನ್ನು ನೋಡಿದರೆ ಬೇಜಾರಾಗುತ್ತದೆ. ಇಂಗ್ಲಿಷ್ ಹೆಸರಿಗೆ ಒಳ್ಳೇ ಫಾಂಟ್, ಒಳ್ಳೇ ಬೆಳಕು, ಕನ್ನಡಕ್ಕೆ ಒಂದು ಸ್ಟಿಕ್ಕರ್. ಈ ರಸ್ತೆಯಲ್ಲಿ ದಿನವೂ ಓಡಾಡುವ ಬಸ್ ಡ್ರೈವರ್, ರೈತರು, ಸಂತೆಗೆ ಹೋಗುವವರು ಕನ್ನಡದಲ್ಲೇ ಓದುತ್ತಾರೆ. ಅವರೂ ಗಿರಾಕಿಗಳೇ ಅಲ್ವಾ? ಮೊದಲು ಕನ್ನಡವನ್ನು ಚೆನ್ನಾಗಿ ಕೂರಿಸಿ, ಅದಕ್ಕೆ ಹೊಂದುವ ಹಾಗೆ ಇಂಗ್ಲಿಷ್ ಬರಲಿ.

ಹಂತ 6: ಸಾಮಾನು ಮತ್ತು ಬೆಳಕು

ಫ್ಲೆಕ್ಸ್ ಬೇಡ. 2016ರ ಮಾರ್ಚ್‌ನಲ್ಲೇ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲಗಳ ಜೊತೆ ಫ್ಲೆಕ್ಸನ್ನೂ ನಿಷೇಧಿಸಿದೆ. ಅದು ಬಿಸಿಲಿಗೆ ಬೇಗ ಮಾಸಿ ಹರಿಯುತ್ತದೆ ಕೂಡ.

ಹಲಗೆಗೆ ಅಲ್ಯೂಮಿನಿಯಂ ಕಾಂಪೋಸಿಟ್ ಶೀಟ್, ಅಂದರೆ ಎಸಿಪಿ, ಸಾಮಾನ್ಯ ಆಯ್ಕೆ. 3 ಮಿಲಿಮೀಟರ್ ಶೀಟ್‌ನಲ್ಲೇ ಬೇರೆ ಬೇರೆ ದರ್ಜೆ ಇರುತ್ತದೆ. ಮೇಲಿನ ಅಲ್ಯೂಮಿನಿಯಂ ಪದರ ಎಷ್ಟು ದಪ್ಪ, ಬಣ್ಣದ ಲೇಪ ಬಿಸಿಲು ತಡೆಯುವ ಪಿವಿಡಿಎಫ್ ಆ ಅಂತ ಕೇಳಿ. ಮಳಿಗೆಯ ಒಳಗೆ ಬಳಸುವ ಪಾಲಿಯೆಸ್ಟರ್ ಲೇಪದ ಶೀಟ್ ಹೊರಗಿನ ಬಿಸಿಲಿಗೆ ಬೇಗ ಬಿಳಿಚುತ್ತದೆ. ಪ್ರಿಂಟ್ ಮಾಡಿದ ಕೆಂಪು, ಹಳದಿ ಉಳಿದ ಬಣ್ಣಗಳಿಗಿಂತ ಮೊದಲು ಮಾಸುತ್ತವೆ. ಕೆಂಪೇ ಬೇಕು ಅಂದರೆ ಬಣ್ಣ ಬೆರೆಸಿ ತಯಾರಾದ ಅಕ್ರಿಲಿಕ್‌ನಲ್ಲಿ ಅಕ್ಷರ ಮಾಡಿಸಿ. ಕಬ್ಬಿಣಕ್ಕೆ ಹಾಟ್‌ಡಿಪ್ ಗ್ಯಾಲ್ವನೈಸಿಂಗ್, ಅಂದರೆ ಕರಗಿದ ಸತುವಿನಲ್ಲಿ ಅದ್ದುವ ಲೇಪ, ಮಾಡಿಸಿದರೆ ಒಳ್ಳೆಯದು. ಕಾರವಾರದಿಂದ ಮಂಗಳೂರುವರೆಗೆ ಕರಾವಳಿಯಲ್ಲಿ ಇದು ಬೇಕೇ ಬೇಕು. ಅಲ್ಲಿ ಸ್ಟೀಲ್ ಅಕ್ಷರ, ಬೋಲ್ಟ್‌ಗಳಿಗೆ 304 ದರ್ಜೆ ಸಾಲುವುದಿಲ್ಲ, ಉಪ್ಪುಗಾಳಿಯ ತುಕ್ಕು ತಡೆಯುವ 316 ಕೇಳಿ.

ಎಲ್ಇಡಿ ಮಾಡ್ಯೂಲ್, ಅಂದರೆ ಒಳಗೆ ಉರಿಯುವ ಪುಟ್ಟ ದೀಪದ ತುಣುಕು, ನೀರು, ಧೂಳು ಒಳಹೋಗದ ಐಪಿ67 ದರ್ಜೆಯದ್ದಿರಲಿ. ಸುಟ್ಟು ಹೋಗುವುದು ಬಹಳ ಸಲ ಮಾಡ್ಯೂಲ್ ಅಲ್ಲ, ಅದಕ್ಕೆ ಕರೆಂಟ್ ಕೊಡುವ ಪವರ್ ಸಪ್ಲೈ. ಅದನ್ನು ಬೋರ್ಡಿನ ತಲೆಯಲ್ಲಿ ಕೂರಿಸಿದರೆ ಪ್ರತಿ ರಿಪೇರಿಗೂ ಕ್ರೇನ್ ಬೇಕಾಗುತ್ತದೆ. ಎಷ್ಟು ಸಾಧ್ಯವೋ ಅಷ್ಟು ಕೆಳಗೆ, ಬೀಗ ಇರುವ, ಗಾಳಿಯಾಡುವ ಪೆಟ್ಟಿಗೆಯಲ್ಲಿ ಇಡಿಸಿ. ತಂತಿ ಉದ್ದವಾದಷ್ಟೂ ವೋಲ್ಟೇಜ್ ಇಳಿಯುತ್ತದೆ, ಅದಕ್ಕೇ 12 ವೋಲ್ಟ್ ಬದಲು 24 ವೋಲ್ಟ್ ಒಳ್ಳೆಯದು. ಕರೆಂಟ್ ಬಿಲ್ಲಿಗೆ ಹೆದರಬೇಕಿಲ್ಲ. 1.2 ವ್ಯಾಟಿನ 200 ಮಾಡ್ಯೂಲ್ ದಿನಕ್ಕೆ 6 ಗಂಟೆ ಉರಿದರೆ ತಿಂಗಳಿಗೆ ಸುಮಾರು 43 ಯೂನಿಟ್. ಟೈಮರ್, ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪ್‌ನ ಆರ್‌ಸಿಸಿಬಿ, ವೋಲ್ಟೇಜ್ ದಿಢೀರ್ ಏರಿದರೆ ತಡೆಯುವ ಸರ್ಜ್ ಪ್ರೊಟೆಕ್ಟರ್, ಪ್ರತ್ಯೇಕ ಅರ್ಥಿಂಗ್ ಗುಂಡಿ ಕಡ್ಡಾಯವಾಗಿ ಇರಲಿ. ಬಯಲಿನಲ್ಲಿ ನಿಮ್ಮ ಕಂಬವೇ ಎತ್ತರವಾದರೆ ಸಿಡಿಲಿನಿಂದ ರಕ್ಷಣೆಯನ್ನೂ ಎಂಜಿನಿಯರ್ ಹತ್ತಿರ ಕೇಳಿ. ಬೆಳಕು ಕಣ್ಣು ಕುಕ್ಕಬಾರದು. ಓಡುವ, ಮಿಣುಕುವ ಬೆಳಕು ಹೆದ್ದಾರಿ ಬದಿ ಬೇಡ.

ಹಂತ 7: ಕೊಟೇಶನ್ ಮತ್ತು ಕೆಲಸದ ತಪಾಸಣೆ

ಈಗ ದರ ಕೇಳಿ. ಆದರೆ ಇಡೀ ಬೋರ್ಡಿಗೆ ಒಂದೇ ಮೊತ್ತ ಬೇಡ. ಕಬ್ಬಿಣ ಕಿಲೋ ಲೆಕ್ಕ, ಹಲಗೆ ಚದರಡಿ ಲೆಕ್ಕ, ಅಕ್ಷರ ಇಂಚಿನ ಲೆಕ್ಕ, ಕಾಂಕ್ರೀಟ್ ಘನ ಮೀಟರ್ ಲೆಕ್ಕ, ಕ್ರೇನ್, ಎಲೆಕ್ಟ್ರಿಕಲ್, ಎಂಜಿನಿಯರ್ ಶುಲ್ಕ ಬೇರೆ ಬೇರೆ ಬರೆಸಿ. ಒಂದೇ ಡ್ರಾಯಿಂಗ್ ಕೊಟ್ಟು ಮೂವರ ಹತ್ತಿರ ಕೇಳಿದರೆ ವ್ಯತ್ಯಾಸ ಎಲ್ಲಿದೆ ಅಂತ ಕಾಣುತ್ತದೆ. ಒಬ್ಬರದು ತೀರಾ ಕಡಿಮೆ ಬಂದರೆ ಮೊದಲು ಕಬ್ಬಿಣದ ಸಾಲು ನೋಡಿ.

ಕಂಬದ ದಪ್ಪ ಕಣ್ಣಿಗೆ ಕಾಣುವುದಿಲ್ಲ. ಹೊರಗಿನ ಸುತ್ತಳತೆ ಒಂದೇ ಇದ್ದು ಒಳಗಿನ ಗೋಡೆ ತೆಳ್ಳಗಿದ್ದರೆ ಪೇಂಟ್ ಆದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಇದಕ್ಕೆ ಸುಲಭದ ಲೆಕ್ಕ ಇದೆ. ಹೊರ ವ್ಯಾಸದಿಂದ ಗೋಡೆಯ ದಪ್ಪ ಕಳೆಯಿರಿ, ಬಂದದ್ದನ್ನು ದಪ್ಪದಿಂದ ಗುಣಿಸಿ, 0.02466ರಿಂದ ಗುಣಿಸಿ. ಅಳತೆಗಳೆಲ್ಲ ಮಿಲಿಮೀಟರ್‌ನಲ್ಲಿ. ಬರುವ ಉತ್ತರ ಒಂದು ಮೀಟರ್ ಪೈಪಿನ ತೂಕ, ಕಿಲೋದಲ್ಲಿ. 219 ಮಿಲಿಮೀಟರ್ ಪೈಪ್ 6 ಮಿಲಿಮೀಟರ್ ದಪ್ಪ ಇದ್ದರೆ ಮೀಟರಿಗೆ ಸುಮಾರು 31.5 ಕಿಲೋ. 4.5 ಮಿಲಿಮೀಟರ್ ಆದರೆ 24 ಕಿಲೋ ಒಳಗೆ. 8 ಮೀಟರ್ ಕಂಬದಲ್ಲಿ 60 ಕಿಲೋಗೂ ಜಾಸ್ತಿ ವ್ಯತ್ಯಾಸ. ಪೈಪ್ ಬಂದ ದಿನ ವೇಬ್ರಿಡ್ಜ್ ಚೀಟಿ ಕೇಳಿ, ಕತ್ತರಿಸಿದ ತುದಿಗೆ ವರ್ನಿಯರ್ ಹಿಡಿದು ಅಳೆಯಿರಿ. ಪೇಂಟ್ ಬಳಿಯುವ ಮುಂಚೆ ವೆಲ್ಡಿಂಗ್‌ಗಳನ್ನು ಎಂಜಿನಿಯರ್‌ಗೆ ತೋರಿಸಿ. ಬೇಸ್ ಪ್ಲೇಟ್ ಸುತ್ತ ಚುಕ್ಕಿ ಚುಕ್ಕಿ ವೆಲ್ಡ್ ಸಾಲದು, ಪೂರ್ತಿ ಸುತ್ತು ಬರಬೇಕು.

ಹಣವನ್ನು ಹಂತ ಹಂತವಾಗಿ ಕೊಡಿ: ಅಡ್ವಾನ್ಸ್, ಪಾಯ ಮುಗಿದ ಮೇಲೆ, ಕಬ್ಬಿಣದ ತಪಾಸಣೆ ಆದ ಮೇಲೆ, ನಿಲ್ಲಿಸಿದ ಮೇಲೆ. ಒಂದು ಕಂತು ಮೊದಲ ಮಳೆಗಾಲ ಮುಗಿಯುವ ತನಕ ನಿಮ್ಮ ಕೈಯಲ್ಲೇ ಇರಲಿ. ಇದು ಒಪ್ಪಂದದಲ್ಲೇ ಬರೆದಿರಬೇಕು.

ನಿಲ್ಲಿಸಿದ ಮೇಲೆ

ನಮ್ಮಲ್ಲಿ ಬೋರ್ಡ್‌ಗಳಿಗೆ ಅಪಾಯ ಜಾಸ್ತಿ ಇರುವುದು ಏಪ್ರಿಲ್–ಮೇ ತಿಂಗಳ ಮುಂಗಾರು ಪೂರ್ವದ ಬಿರುಗಾಳಿಯಲ್ಲಿ. ಹಾಗಾಗಿ ವರ್ಷದ ತಪಾಸಣೆ ಮಾರ್ಚ್‌ನಲ್ಲೇ ಆಗಬೇಕು. ಆಂಕರ್ ಬೋಲ್ಟ್ ಬಿಗಿ ಇದೆಯಾ, ಬುಡದಲ್ಲಿ ನೀರು ನಿಂತು ತುಕ್ಕು ಹಿಡಿದಿದೆಯಾ, ಕಂಬ ವಾಲಿದೆಯಾ ಅಂತ ತೂಕಗುಂಡು ಬಿಟ್ಟು ನೋಡಿ. ಪೆಟ್ಟಿಗೆಯ ತಳದಲ್ಲಿ ನೀರು ಹೋಗಲು ಬಿಟ್ಟ ತೂತುಗಳನ್ನು ಕಣಜದ ಗೂಡು, ಧೂಳು ಮುಚ್ಚಿರುತ್ತವೆ. ಅದನ್ನು ತೆರವು ಮಾಡಿಸಿ. ಅರ್ಥಿಂಗ್ ಅಳೆಸಿ. ಸಡಿಲವಾದ ಶೀಟಿನ ಮೂಲೆ ಕಂಡರೆ ಅದೇ ದಿನ ರಿವಿಟ್ ಹೊಡೆಸಿ, ಗಾಳಿ ಮೊದಲು ಹಿಡಿಯುವುದೇ ಆ ಮೂಲೆಯನ್ನು.

ಅಂಗಡಿಯ ವಿಮೆ ಮಾಡಿಸುವಾಗ ಬೋರ್ಡನ್ನೂ, ಅದರಿಂದ ಬೇರೆಯವರಿಗೆ ಆಗಬಹುದಾದ ಹಾನಿಯನ್ನೂ ಸೇರಿಸಿ. ಬೋರ್ಡ್ ಮಾಡಿದವರಿಂದ ಅದೇ ಬ್ಯಾಚಿನ ಒಂದಿಷ್ಟು ಎಲ್ಇಡಿ ಮಾಡ್ಯೂಲ್, ಒಂದು ಪವರ್ ಸಪ್ಲೈ ಹೆಚ್ಚಿಗೆ ತೆಗೆದಿಟ್ಟುಕೊಳ್ಳಿ. ಎರಡು ವರ್ಷ ಬಿಟ್ಟು ಬೇರೆ ಬ್ಯಾಚಿನದು ಹಾಕಿದರೆ ಬಿಳಿ ಬಣ್ಣವೇ ಬೇರೆಯಾಗಿ, ಹೆಸರಿನ ಒಂದೊಂದು ಅಕ್ಷರ ಒಂದೊಂದು ಥರ ಕಾಣುತ್ತದೆ. ಡ್ರಾಯಿಂಗ್, ಪ್ರಮಾಣಪತ್ರ, ಅನುಮತಿ ಪತ್ರ, ಫಾಂಟ್ ಸಮೇತ ಡಿಸೈನ್ ಫೈಲ್ ಎಲ್ಲದರ ಪ್ರತಿ ನಿಮ್ಮ ಹತ್ತಿರ ಇರಲಿ. ಅನುಮತಿಯ ನವೀಕರಣದ ತಾರೀಖನ್ನು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿ.